ಖಾಲಿ ಸೀಸೆಯ ಪರಿಮಳ

ಖಾಲಿ ಸೀಸೆಯಲ್ಲಿ ಏನೋ ಇತ್ತು. ಪರದೆಯ ಮೇಲೆ ಚಪ್ಪಟೆಯಾಗಿ ಮಲಗಿರಬೇಕಾದ ಗೆರೆ ಒಂದು ಕಡೆ ಗುಡ್ಡದಂತೆ ಎದ್ದು, ತುದಿಯಲ್ಲಿ ಚೂಪಾಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಕೆಳಗಿಳಿದು ಹೋಗಿತ್ತು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಗುಡ್ಡ ಅಲ್ಲೇ ಇತ್ತು. ಕಿಟಕಿಯ ಕೆಳಗೆ ಲಾರಿಗೆ ಚೀಲಗಳನ್ನು ಎಸೆಯುವ ಸದ್ದು ಧೊಪ್ ಧೊಪ್ ಎಂದು ಕೇಳುತ್ತಿತ್ತು. 

ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಸ್ಥಾವರದಲ್ಲಿ ಅವನು ವಿಶ್ಲೇಷಕ. ನೀರು ತಿಳಿಯಾಗಿ ನದಿಗೆ ಹೋಗುತ್ತದೆ, ಅದಕ್ಕೆ ಹೊಗಳಿಕೆಯೂ ಸಿಗುತ್ತದೆ. ತಳದಲ್ಲಿ ಉಳಿಯುವ ಕಪ್ಪು ಗಸಿ ಅವನ ಪಾಲಿಗೆ. ಆ ಗಸಿಯಲ್ಲಿ ಊರು ಮರೆತದ್ದೆಲ್ಲ ಇರುತ್ತದೆ. ಯಾವ ತಿಂಗಳಲ್ಲಿ ಜನಕ್ಕೆ ತಲೆನೋವು ಹೆಚ್ಚು, ಎಷ್ಟು ಮಂದಿ ನಿದ್ದೆಯ ಮಾತ್ರೆ ನುಂಗುತ್ತಾರೆ, ಎಷ್ಟು ಮಂದಿ ನರೆತ ಕೂದಲಿಗೆ ಬಣ್ಣ ಹಚ್ಚಿ ತೊಳೆಯುತ್ತಾರೆ ಎಂಬುದು ಅವನಿಗೆ ಗೊತ್ತು. ಯಾರು ಎಂಬುದು ಮಾತ್ರ ಗೊತ್ತಿಲ್ಲ. ಆದ್ದರಿಂದ ಬೀದಿಯಲ್ಲಿ ನಡೆಯುವಾಗ ಅವನಿಗೆ ಎಲ್ಲರ ಮೇಲೂ ಸಮನಾದ ಅನುಮಾನ ಮತ್ತು ಸಮನಾದ ಕನಿಕರ. ಕ್ಷೌರದಂಗಡಿಯವನು ಗಲ್ಲ ಹಿಡಿದು ತಿರುಗಿಸುವಾಗ, ಪಾಪ, ಇವನೂ ನಿದ್ದೆ ಮಾಡುವುದಿಲ್ಲವೇನೋ ಎಂದುಕೊಳ್ಳುತ್ತಾನೆ. ಕ್ಷೌರದವನೂ ಅವನನ್ನು ಕಂಡ ಕೂಡಲೇ ಕಿಟಕಿ ತೆರೆಯುತ್ತಾನೆ. ಸೆಖೆಗೆಂದು ಅವನು ಮೊದಮೊದಲು ತಿಳಿದಿದ್ದ. ಚಳಿಗಾಲದಲ್ಲೂ ತೆರೆದ ಮೇಲೆ ಅವನಿಗೆ ಅರ್ಥವಾಗಿತ್ತು. ದಿನವಿಡೀ ಕೊಳಚೆಯ ಮಧ್ಯೆ ಇರುವವನ ಮೈಯಿಂದ ಮತ್ತೇನು ಬಂದೀತು? ಅವನ ಸ್ವಂತ ಮೂಗಂತೂ ಈ ಕೆಲಸಕ್ಕೆ ಸೇರಿದ ವರ್ಷವೇ ನಿವೃತ್ತಿ ಪಡೆದಿತ್ತು.

ಈಗ ಅವನು ಹುಡುಕುತ್ತಿದ್ದದ್ದು ಒಂದು ಕೃತಕ ಪರಿಮಳವನ್ನು. ಸೋಪಿನಲ್ಲಿ, ಬಟ್ಟೆ ಮೆದುಮಾಡುವ ದ್ರವದಲ್ಲಿ, ಶಾಂಪೂವಿನಲ್ಲಿ ಹಾಕುತ್ತಾರೆ. ಅದು ನೀರಿಗೆ ಬೆರೆಯುವುದಿಲ್ಲ. ಕೊಬ್ಬು ಕಂಡರೆ ತಬ್ಬಿಕೊಳ್ಳುತ್ತದೆ. ಕೊಳಚೆಯನ್ನು ತಿಂದು ತೇಗುವ ಸೂಕ್ಷ್ಮಜೀವಿಗಳೂ ಇದರ ಮುಂದೆ ಮುಖ ತಿರುಗಿಸುತ್ತವೆ. ಹಾಗಾಗಿ ಅದು ಗಸಿಗೆ ಅಂಟಿಕೊಂಡು, ಗಸಿ ಗೊಬ್ಬರವಾದರೆ ಮಣ್ಣಿಗೆ, ಮಣ್ಣಿನಿಂದ ಎರೆಹುಳಕ್ಕೆ, ಹುಳದಿಂದ ಹಕ್ಕಿಗೆ ಹೊರಡುತ್ತದೆ. ಬಹಳ ಕಡಿಮೆ ಪ್ರಮಾಣ, ಒಂದು ಚಿಟಿಕೆಯ ಚಿಟಿಕೆ. ಮರುದಿನ ಯಾರೂ ಸಾಯುವುದಿಲ್ಲ; ಅದೇ ಅದರ ತೊಂದರೆ, ಯಾರೂ ಸಾಯದೆ ಇದ್ದುದಕ್ಕೆ ಯಾರೂ ಸಭೆ ಕರೆಯುವುದಿಲ್ಲ. ಮೊನ್ನೆ ಇದೇ ಪರೀಕ್ಷೆಗೆಂದು, ಗೊಬ್ಬರ ಹಾಕಿದ ಪಾತಿಯಿಂದ ಎರೆಹುಳಗಳನ್ನು ತಂದು ಅರೆಯುವಾಗ, ಮದುವೆಮನೆಗೆ ಹೊರಟವರಂತೆ ಪರಿಮಳ ಪೂಸಿಕೊಂಡ ಆ ಹುಳಗಳಿಗೆ ಅವನು ಮನಸ್ಸಿನಲ್ಲೇ ಕ್ಷಮೆ ಕೇಳಿದ್ದ.

ಮುಖ್ಯ ಎಂಜಿನಿಯರಿಗೆ ಗಸಿಯನ್ನು ಒಣಗಿಸಿ, ಚೀಲಕ್ಕೆ ತುಂಬಿಸಿ, ನದಿಯಾಚೆಯ ತರಕಾರಿ ತೋಟಗಳಿಗೆ ಹಂಚುವ ಆಸೆ. ಕೆಟ್ಟ ಆಸೆಯೇನಲ್ಲ, ಗುಡ್ಡೆಗಟ್ಟಿದ ಗಸಿಯನ್ನು ಎಲ್ಲಾದರೂ ಕಳಿಸಲೇಬೇಕು, ಅದರಲ್ಲಿ ಸಾರವೂ ಉಂಟು. ಇವನು ನಿನ್ನೆ ಗಸಿಯಲ್ಲಿ ಪರಿಮಳ ಎಷ್ಟಿದೆ ಎಂಬ ಸಂಖ್ಯೆಯನ್ನು ಅವರ ಮೇಜಿನ ಮೇಲಿಟ್ಟು, ತರಕಾರಿಗೆ ಇದು ಬೇಡ ಎಂದು, ಸ್ವಲ್ಪ ಜಂಬದಿಂದಲೇ ಹೇಳಿಬಂದಿದ್ದ. ಇವತ್ತು ಮಧ್ಯಾಹ್ನ ಸಭೆ. ಸಂಖ್ಯೆ ಕೊಡುವ ಮುಂಚೆ ಖಾಲಿ ಸೀಸೆಯನ್ನು ನೋಡಬೇಕಿತ್ತು. ಪ್ರತಿ ಸಲ ಒಂದು ಸೀಸೆಗೆ ಗಸಿಯ ಬದಲು ಸುಟ್ಟು ಶುದ್ಧ ಮಾಡಿದ ಮರಳನ್ನು ಹಾಕಿ, ಉಳಿದ ಸೀಸೆಗಳಿಗೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡುತ್ತಾರೆ. ಕೊನೆಗೆ ಅದರಲ್ಲಿ ಏನೂ ಕಾಣಬಾರದು. ಕಂಡರೆ ಅದು ಗಸಿಯದಲ್ಲ, ಕೆಲಸ ಮಾಡಿದವರದು. ಬೇರೆಯವರು ಮಕ್ಕಳು ಪಡೆದ ಅಂಕ ಹೇಳಿಕೊಳ್ಳುವ ಹಾಗೆ ಅವನು ತನ್ನ ಖಾಲಿ ಸೀಸೆ ಯಾವತ್ತೂ ಖಾಲಿಯೇ ಎಂದು ಹೇಳಿಕೊಂಡು ಓಡಾಡಿದ್ದ. ಯಾವತ್ತೂ ಖಾಲಿ ಇರುವುದನ್ನು ಅವಸರದಲ್ಲಿ ಯಾಕೆ ನೋಡಬೇಕು, ನಾಳೆ ನೋಡಿದರಾಯಿತು ಎಂದು ಬಿಟ್ಟಿದ್ದ. ಲೋಹ, ಮಾತ್ರೆ ಎಲ್ಲ ಹಳೆಯ ಪರೀಕ್ಷೆಗಳು. ಪರಿಮಳದ್ದು ಇದೇ ಮೊದಲು ಎಂಬುದು ಆ ಹೊತ್ತಿಗೆ ಹೊಳೆದಿರಲಿಲ್ಲ.

ಹಿಂದಿನಿಂದ ಸೂಜಿ ಬಂದು ನಿಂತಳು. ಯಂತ್ರಕ್ಕೆ ಮಾದರಿ ಚುಚ್ಚುವ ತಂತ್ರಜ್ಞೆ ಅವಳು, ಬೆಳೆದ ಮಗಳ ತಾಯಿ. ಸೂಜಿಯೆಂಬ ಹೆಸರು ಅವಳ ಕೈಗೆ ಬಂದದ್ದೋ ಬಾಯಿಗೆ ಬಂದದ್ದೋ ಸ್ಥಾವರದಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಹೋದ ತಿಂಗಳು ಅವಳು ಕೈಗೆ ಕ್ರೀಮು ಹಚ್ಚಿಕೊಂಡು ಬಂದಳೆಂದು ಅವನು ಅವಳನ್ನು ಎರಡೆರಡು ಸಲ ಕೈ ತೊಳೆಯಲು ಕಳಿಸಿದ್ದ. ಆಮೇಲೆ ಬಾಗಿಲಿಗೆ ತನ್ನ ಕೈಯಾರೆ ಬರೆದು ಅಂಟಿಸಿದ್ದ: ಪರಿಮಳ ಹಚ್ಚಿಕೊಂಡವರಿಗೆ ಒಳಗೆ ಪ್ರವೇಶವಿಲ್ಲ. ಈಗ ಅವನ ಕಣ್ಣು ತಾನಾಗಿಯೇ ಅವಳ ಕೈಯತ್ತ ಹೋಯಿತು. ಅವಳು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಹಿಮ್ಮಡಿಯಂತೆ ಒಡೆದಿದ್ದವು.

"ನೋಡ್ಕೊಳ್ಳಿ ಸಾರ್. ನಿಮ್ಮ ಬೋರ್ಡು ಬಂದಾಗಿಂದ ಎಣ್ಣೇನೂ ಮುಟ್ಟಿಲ್ಲ. ನನ್ನ ಮಗಳು, ಅಮ್ಮಾ ನೀನು ಕೈ ಕುಲುಕಿದ್ರೆ ಗೀಚತ್ತೆ ಅಂತಾಳೆ."

"ನಾನು ನಿಮ್ಮನ್ನ ಏನೂ ಅಂದಿಲ್ಲವಲ್ಲ."

"ಬಾಯಿ ಅಂದಿಲ್ಲ," ಎಂದಳು ಸೂಜಿ. "ಗಾಜಿನ ಎಳೆಯ ಹತ್ತಿ ತಗೊಂಡು ಒಂದೊಂದೇ ಒರೆಸೋಣ. ನನ್ನ ತೋಳು, ಬಾಗಿಲ ಹಿಡಿ, ನೆಲ, ನಿಮ್ಮ ತೋಳು. ಯಂತ್ರಕ್ಕೇನು ದಾಕ್ಷಿಣ್ಯ? ಅದೇ ಹೇಳತ್ತೆ."

ನನ್ನ ತೋಳು ಯಾಕೆ ಎಂದು ಕೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು ಚಿಮಟದಲ್ಲಿ ಹತ್ತಿ ಹಿಡಿದು ಅವನ ಅಂಗಿಯ ತೋಳನ್ನು, ನಿದ್ದೆ ಹೋದ ಮಗುವಿನ ಕೆನ್ನೆ ಒರೆಸುವಷ್ಟು ಮೆಲ್ಲಗೆ ಒರೆಸಿದಳು. ಯಂತ್ರ ಗೊಣಗುತ್ತ ಕೂತಿತ್ತು. ಕಾಯುವಾಗ ಅವನಿಗೆ ನಾದಿನಿಯ ಮಗಳ ಮದುವೆ ನೆನಪಾಯಿತು. ಅವನು ಹೋಗಿ ಕುಳಿತ ಮೇಲೆ ನಾದಿನಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಯಾರನ್ನೋ ಮಾತಾಡಿಸುವ ನೆಪದಲ್ಲಿ ಎದ್ದು ಹೋದವಳು ಹಿಂತಿರುಗಿ ಬಂದಿರಲಿಲ್ಲ. ಹೆಂಡತಿ ಅದನ್ನು ನೋಡಿದ್ದಳು. ತಾನು ನೋಡಿದ್ದನ್ನು ಅವನು ನೋಡಿದನೆಂದು ಗೊತ್ತಾಗಿ ತಟ್ಟೆಯತ್ತ ತಲೆ ತಗ್ಗಿಸಿದ್ದಳು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಎಲ್ಲ ಸೀಟು ತುಂಬಿದ ಮೇಲೂ ಖಾಲಿ. ಜನ ಕಂಬಿ ಹಿಡಿದು ತೂಗಾಡುತ್ತ ನಿಲ್ಲುತ್ತಿದ್ದರು, ಅಲ್ಲಿ ಕೂರುತ್ತಿರಲಿಲ್ಲ. ಮನೆಗೆ ಹೋದ ಕೂಡಲೇ ಚರ್ಮ ಕೆಂಪಾಗುವಂತೆ ತಿಕ್ಕಿ ಸ್ನಾನ ಮಾಡುತ್ತಿದ್ದ. ಮಂಚದ ಅಂಚಿಗೆ ಸರಿದು, ಗೋಡೆಗೆ ಮುಖ ಮಾಡಿ, ಹೆಂಡತಿಗೆ ತೊಂದರೆಯಾಗದಂತೆ ಅತ್ತಲೇ ಉಸಿರು ಬಿಡುತ್ತ ಮಲಗುತ್ತಿದ್ದ. ಮೂರು ವರ್ಷದ ಹಿಂದೆ, ಅವಳು ಜ್ವರದಿಂದ ಎದ್ದ ವಾರದಲ್ಲಿ, ಒಮ್ಮೆ ಧೈರ್ಯ ಮಾಡಿ ಕೇಳಿದ್ದ: ನನ್ನಿಂದ ವಾಸನೆ ಬರುತ್ತಾ? ಅವಳು ಹತ್ತಿರ ಬಂದು ಕತ್ತಿನ ಬಳಿ ಮೂಸಿ, ಇಲ್ಲ ಎಂದಿದ್ದಳು. ಆ ಒಂದು ಸುಳ್ಳಿಗಾಗಿ ಅವಳ ಋಣದಲ್ಲೇ ಬದುಕುತ್ತಿದ್ದೇನೆ ಎಂದು ಅವನಿಗೆ ಅನಿಸುತ್ತಿತ್ತು. ಅದಾದ ಮೇಲೆ ಅವನ ಅಂಗಿಗಳು ಮಾತ್ರ ದಿನದಿಂದ ದಿನಕ್ಕೆ ಮೆತ್ತಗಾಗುತ್ತ ಹೋಗಿದ್ದವು.

ಬಾಗಿಲ ಹಿಡಿಯಲ್ಲಿ ಏನೂ ಇರಲಿಲ್ಲ. ನೆಲದಲ್ಲಿ ಏನೂ ಇರಲಿಲ್ಲ. ಸೂಜಿಯ ತೋಳು ಶುದ್ಧ ಮರಳಿನಂತಿತ್ತು. ನಾಲ್ಕನೆಯ ಗೆರೆ ಹೊರಟದ್ದು ಹೊರಟೇ ಹೊರಟಿತು. ಪರದೆಯ ಮೇಲಂಚನ್ನು ಮುಟ್ಟಿ, ಜಾಗ ಸಾಲದೆ ಯಂತ್ರವೇ ಅಳತೆ ಬದಲಿಸಿ ಉಳಿದ ಮೂರನ್ನೂ ಇರುವೆಯಷ್ಟು ಮಾಡಿ ಮತ್ತೆ ಬಿಡಿಸಿತು. ಅವನು ನೋಡುತ್ತ ಕುಳಿತ. ತನ್ನದೇ ತೋಳನ್ನು ಮೂಗಿನ ಹತ್ತಿರ ತಂದು ಮೂಸಿದ. ನಿವೃತ್ತ ಮೂಗು ಏನೂ ಹೇಳಲಿಲ್ಲ. ಸೂಜಿ ಪರದೆಯತ್ತ ನೋಡಲೇ ಇಲ್ಲ. ನೋಡಬಾರದೆಂದೇ, ಆಗಲೇ ತೊಳೆದಿಟ್ಟ ಸೀಸೆಗಳನ್ನು ಮತ್ತೆ ತೊಳೆಯುತ್ತಿದ್ದಳು.

"ನಿಮಗೆ ಗೊತ್ತಿತ್ತಾ?" ಎಂದ.

"ಏನು ಸಾರ್?"

"ನಾನು... ಹೀಗೆ ಅಂತ."

ಅವಳು ನಲ್ಲಿ ನಿಲ್ಲಿಸಿದಳು. "ಕೆಳಗಡೆ ನಿಮಗೆ ಮದುಮಗ ಅಂತ ಹೆಸರು. ನೀವು ಮೆಟ್ಟಿಲು ಹತ್ತೋ ಮುಂಚೇನೇ ಪರಿಮಳ ಹತ್ತಿರತ್ತೆ." ಅವನ ಮುಖ ನೋಡಿ ದನಿ ಇಳಿಸಿದಳು. "ಬೇಜಾರಿಂದ ಇಟ್ಟ ಹೆಸರಲ್ಲ. ನೋಡಿ, ಸಭೆಯಲ್ಲಿ ಹೊಸ ನೆಲ ಒರೆಸೋ ದ್ರವದ್ದು ಅಂತ ಹೇಳೋಣ. ಇಲ್ಲಾಂದ್ರೆ ನನ್ನ ಕ್ರೀಮಂತಾನೇ ಹೇಳಿ. ಹೋದ ತಿಂಗಳು ಹೇಗೂ ಬೈಸ್ಕೊಂಡಾಗಿದೆ, ಆ ಬೈಗುಳ ವೇಸ್ಟ್ ಆಗೋದ್ಯಾಕೆ."

ಮದುಮಗ ಎಂಬ ಹೆಸರು ಅವನ ಕಿವಿಗೂ ಬಿದ್ದಿತ್ತು. ಇಸ್ತ್ರಿ ಅಂಗಿಗೆ ಇಟ್ಟದ್ದೆಂದು ತಿಳಿದು ಒಳಗೊಳಗೇ ಹಿಗ್ಗಿ, ಇಸ್ತ್ರಿಯನ್ನು ಇನ್ನಷ್ಟು ಗರಿಗರಿ ಮಾಡಿಸಿಕೊಂಡಿದ್ದ. ಈಗ ಅದನ್ನು ನೆನೆದಾಗ ಕಾಲ್ಬೆರಳುಗಳು ಬೂಟಿನೊಳಗೆ ಮುದುಡಿಕೊಂಡವು. ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡಿದ್ದರೆ ನಿನ್ನೆಯ ಸಂಖ್ಯೆಯೇ ಗೆಲ್ಲುತ್ತದೆ, ಚೀಲಗಳು ನಿಲ್ಲುತ್ತವೆ, ಎರೆಹುಳಗಳು ಉಳಿಯುತ್ತವೆ. ಬಾಯಿ ಬಿಟ್ಟರೆ ಎಲ್ಲ ಸಂಖ್ಯೆಯೂ ಬಿದ್ದುಹೋಗುತ್ತದೆ, ಲಾರಿ ಹೊರಡುತ್ತದೆ, ಮೇಲಾಗಿ ತಾನು ಎಲ್ಲರೂ ಜೀವಮಾನವಿಡೀ ನೆನಪಿಟ್ಟು ನಗುವಂಥ ಕಥೆಯಾಗುತ್ತಾನೆ. ಸುಳ್ಳು ಹೇಳುವುದೇ ಧರ್ಮವೆಂದು ಮೊದಲ ಅಂತಸ್ತಿನವರೆಗೆ ಅನಿಸಿತು. ಆದರೆ ಎಷ್ಟು ಗಸಿಯದು ಎಷ್ಟು ತನ್ನದು ಎಂಬುದು ಅವನಿಗೇ ಗೊತ್ತಿರಲಿಲ್ಲ. ಗಸಿ ಪೂರ್ತಿ ನಿರಪರಾಧಿಯಾಗಿದ್ದು, ತನ್ನ ತೋಳೇ ಎಲ್ಲ ಮಾಡಿದ್ದರೆ? ಊರಿನ ಕೊಳಚೆಯ ಮೇಲೆ ಸುಳ್ಳು ಆಪಾದನೆ ಹೊರಿಸುವುದೂ ಒಂದು ಅನ್ಯಾಯವೇ ಎಂದು ತೋರಿ, ಅವನಿಗೆ ಆ ಸಂಕಟದ ನಡುವೆಯೂ ನಗು ಬಂತು.

ಸಭೆಯ ಕೋಣೆಯಲ್ಲಿ ಮುಖ್ಯ ಎಂಜಿನಿಯರ್ ಇದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಲಾರಿಯವನು, ಹೊರಡಲು ಹೇಳಿದರೆ ಸಾಕು ಎಂಬಂತೆ ಅರ್ಧ ಎದ್ದು ಕುಳಿತಿದ್ದ. ಇವನು ಒಳಗೆ ಕಾಲಿಟ್ಟದ್ದೇ ಎಂಜಿನಿಯರ್ ಎಂದಿನಂತೆ ಎದ್ದು ಕಿಟಕಿ ತೆರೆದರು.

"ನಿನ್ನೆ ಕೊಟ್ಟ ಸಂಖ್ಯೆ ನಂಬಬೇಡಿ," ಎಂದ ಅವನು, ಕೂರುವ ಮೊದಲೇ.

"ಹಾಗಾದ್ರೆ ಗಸಿ ಚೆನ್ನಾಗಿದೆ?"

"ಅದೂ ಹೇಳೋಕಾಗಲ್ಲ. ಖಾಲಿ ಸೀಸೆ ಖಾಲಿ ಇರಲಿಲ್ಲ."

"ನಿಮ್ಮ ಖಾಲಿ ಸೀಸೆ?" ಎಂಜಿನಿಯರಿಗೆ ನಿಜಕ್ಕೂ ಆಘಾತವಾದಂತಿತ್ತು. "ಏನಿತ್ತು ಅದರಲ್ಲಿ?"

"ನನ್ನ ಅಂಗಿ."

 ಅವನು ತೋಳಿನ ವಿಷಯ, ಗುಡ್ಡದ ವಿಷಯ, ಅಳತೆ ಬದಲಾದ ವಿಷಯ ಎಲ್ಲ ಹೇಳಿದ. ಮೊದಲು ಬಾಯಿ ಬಿಟ್ಟವನು ಲಾರಿಯವನು. "ಅಯ್ಯೋ, ಅದು ನೀವಾ ಸಾರ್? ಇಷ್ಟು ದಿನ ನಾನು ಎಂಜಿನಿಯರ್ ಸಾಹೇಬ್ರು ಅಂತ ತಿಳ್ಕೊಂಡಿದ್ದೆ. ದೊಡ್ಡವರಿಗೆ ಏನು ಕಷ್ಟವೋ ಅಂತ ಸುಮ್ನಿದ್ದೆ."

ಎಂಜಿನಿಯರ್ ಕೈಯಲ್ಲಿ ಮುಖ ಮುಚ್ಚಿಕೊಂಡರು, ಭುಜ ಅಲುಗುತ್ತಿತ್ತು. ಕೊನೆಗೆ ಕಣ್ಣೊರೆಸಿಕೊಂಡು, "ನಾನೇ ಹೇಳಬೇಕಿತ್ತು. ಹೇಳಿದ್ರೆ ನೊಂದ್ಕೊಳ್ತೀರಿ ಅಂತ ಕಿಟಕಿ ತೆಗೀತಾ ಇದ್ದೆ," ಎಂದರು.

"ನಾನು ಕೊಳಚೆ ವಾಸನೆಗೆ ತೆಗೀತೀರಿ ಅಂದ್ಕೊಂಡಿದ್ದೆ."

"ಕೊಳಚೆ ವಾಸನೇನಾ? ಅದು ನಮ್ಮೆಲ್ಲರ ಹತ್ರಾನೂ ಇರೋದೇ. ಅದಕ್ಕೆ ಯಾರಾದ್ರೂ ಕಿಟಕಿ ತೆಗೀತಾರಾ?" ಆಮೇಲೆ ಅವರು ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡರು. "ಲಾರಿ ನಾಳೆ ಸಂಜೆವರೆಗೆ ನಿಲ್ಲಲಿ. ಬೇರೆ ಅಂಗಿ ಹಾಕ್ಕೊಂಡು ಬಂದು ಮತ್ತೆ ಮಾಡಿ. ಗಸಿಯಲ್ಲಿ ಏನೂ ಇಲ್ಲಾಂದ್ರೆ ಚೀಲ ಹೊರಡತ್ತೆ, ಸರೀನಾ?"

ಸರಿ ಎಂದ. ಬಸ್ಸಿನಲ್ಲಿ ಕುಳಿತ ಮೇಲೆ, ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟಾಗ, ಬೇರೆ ಅಂಗಿ ಎಲ್ಲಿಂದ ಬರಬೇಕು ಎಂಬುದು ಹೊಳೆಯಿತು. ಬೀರುವಿನ ಪ್ರತಿ ಅಂಗಿಯೂ ಹೆಂಡತಿ ಹಾಕುವ ಅದೇ ಬಟ್ಟೆ ಮೆದುಮಾಡುವ ದ್ರವದಲ್ಲಿ ಮುಳುಗೆದ್ದದ್ದು. ಹೊಸದು ಕೊಂಡರೆ ಅಂಗಡಿಯ ಪರಿಮಳ. ಹೆಂಡತಿಯನ್ನು ಕೇಳಲೇಬೇಕು. ಕೇಳಿದರೆ, ನೀನು ನನ್ನ ನಾತವನ್ನು ಮುಚ್ಚಲು ಮಾಡುತ್ತಿದ್ದುದು ನನಗೆ ಗೊತ್ತಾಯಿತು ಎಂದ ಹಾಗಾಗುತ್ತದೆ. ಅಷ್ಟು ಜೋಪಾನವಾಗಿ ಅವಳು ಹೊತ್ತುಕೊಂಡು ಬಂದ ಸುಳ್ಳನ್ನು ಅವಳ ಕೈಯಿಂದ ಕೆಳಗೆ ಬೀಳಿಸಿದ ಹಾಗಾಗುತ್ತದೆ. ದಾರಿಯುದ್ದಕ್ಕೂ ಅವನು ನಯವಾದ ವಾಕ್ಯಗಳನ್ನು ಹೊಸೆದ. ಒಂದೂ ಕೂಡಿಬರಲಿಲ್ಲ.

ಹೆಂಡತಿ ಬಚ್ಚಲಿನಲ್ಲಿ, ಒಗೆಯುವ ಯಂತ್ರದ ಮುಂದೆ ಮೋಟು ಮಣೆಯ ಮೇಲೆ ಕುಳಿತಿದ್ದಳು. ನೀಲಿ ಬಾಟಲಿಯಿಂದ ಮುಚ್ಚಳಕ್ಕೆ ದ್ರವ ಸುರಿದು ಯಂತ್ರಕ್ಕೆ ಹಾಕಿದಳು. ಮತ್ತೆ ಒಂದು ಮುಚ್ಚಳ. ತುಸು ಯೋಚಿಸಿ, ಮತ್ತೂ ಒಂದು.

"ಅಷ್ಟು ಯಾಕೆ ಹಾಕ್ತೀಯ?" ಎಂದ. ನಯವಾದ ವಾಕ್ಯ ಇದಾಗಿರಲಿಲ್ಲ.

ಅವಳು ಬಾಟಲಿಯನ್ನು ಸೆರಗಿನೊಳಗೆ ಸರಿಸಿಕೊಂಡಳು, ಸಕ್ಕರೆ ಕದ್ದು ಸಿಕ್ಕಿಬಿದ್ದವಳಂತೆ. "ಜಾಸ್ತಿ ಆಯ್ತಾ?"

"ಮದವೇರಿದ ಆನೆ ಹಾಗೆ ಪರಿಮಳ ಚೆಲ್ಲಿಕೊಂಡು ಓಡಾಡ್ತಿದೀನಂತೆ. ಯಂತ್ರದ ಅಳತೇನೇ ಸಾಲಲಿಲ್ಲ. ನನ್ನ ಕೊಳಚೆ ನಾತ ಮುಚ್ಚೋಕೆ ನೀನು ಮಾಡ್ತಿದೀಯ ಅಂತ ಗೊತ್ತು. ಅದಕ್ಕೆ ನನಗೆ ಸಿಟ್ಟಿಲ್ಲ. ಆದ್ರೆ..."

"ನಾತ ಇತ್ತಾ?" ಎಂದಳು ಅವಳು. ಅವಳ ಮುಖದಲ್ಲಿ ಬಂದದ್ದು ನಾಚಿಕೆಯಲ್ಲ, ಕುತೂಹಲ. "ಹೇಳಿ. ನಿಜವಾಗ್ಲೂ ಇತ್ತಾ?"

"ನಿನಗೆ ಗೊತ್ತಿಲ್ವಾ?"

"ನನಗೆಲ್ಲಿಂದ ಗೊತ್ತಾಗ್ಬೇಕು. ಆ ಜ್ವರದಲ್ಲೇ ನನ್ನ ಮೂಗು ಹೋಯ್ತು."

ಯಂತ್ರ ನೀರು ತುಂಬಿಕೊಳ್ಳತೊಡಗಿತು. ಅವನು ಬಚ್ಚಲ ಹೊಸ್ತಿಲ ಮೇಲೆ, ಬೂಟು ಹಾಕಿಕೊಂಡೇ ಕುಳಿತುಬಿಟ್ಟ. ಅವಳು ಬೆರಳಿನಿಂದ ಮಣೆಯ ಅಂಚು ಕೆರೆಯುತ್ತ ಹೇಳಿದಳು. "ಅಡಿಗೆ ಸೀದರೂ ತಿಳಿಯಲ್ಲ, ನೋಡ್ಕೊಂಡು ಮಾಡ್ತೀನಿ. ಹೇಳೋಣ ಅಂತ ಇದ್ದೆ. ಆ ವಾರಾನೇ ನೀವು ಬಂದು, ನನ್ನಿಂದ ವಾಸನೆ ಬರುತ್ತಾ ಅಂತ ಕೇಳಿದ್ರಿ. ಮೂಸಿದೆ. ಏನೂ ಬರಲಿಲ್ಲ, ಇಲ್ಲ ಅಂದೆ. ನಿಮಗೆಷ್ಟು ಖುಷಿ ಆಯ್ತು ಅಂದ್ರೆ, ಆಮೇಲೆ ಮೂಗಿನ ವಿಷಯ ಹೇಗೆ ಹೇಳೋದು? ಸುಮ್ಮನಾದೆ. ಆಮೇಲೆ ನನಗೇ ಭಯ. ಇವರಿಂದ ಬರ್ತಾ ಇದ್ದು, ನನಗೆ ಗೊತ್ತಾಗದೆ, ಹಾಗೇ ಹೊರಗೆ ಕಳಿಸ್ತಿದೀನೋ ಏನೋ ಅಂತ ಒಂದು ಮುಚ್ಚಳ ಹಾಕ್ದೆ. ಮದುವೇಲಿ ನನ್ನ ತಂಗಿ ಎದ್ದು ಹೋದ್ಳಲ್ಲ, ಅವತ್ತು ಎರಡು ಮಾಡ್ದೆ. ಬಸ್ಸಲ್ಲಿ ಯಾರೂ ಪಕ್ಕದಲ್ಲಿ ಕೂರಲ್ಲ ಅಂದ್ರಲ್ಲ, ಆಗ ಮೂರು."

"ಅವರು ಎದ್ದು ಹೋಗ್ತಿದ್ದದ್ದೇ ಅದಕ್ಕೆ."

"ಅಂದ್ರೆ ನಾನು ಹಾಕ್ತಾ ಹೋದ ಹಾಗೆಲ್ಲ ಅವರು ಎದ್ದು ಹೋಗ್ತಿದ್ರು, ಅವರು ಎದ್ದು ಹೋದ ಹಾಗೆಲ್ಲ ನಾನು ಹಾಕ್ತಿದ್ದೆ," ಎಂದು ಅವಳು ನಿಧಾನವಾಗಿ ಬಿಡಿಸಿ ನೋಡಿದಳು. ತುಟಿ ನಡುಗಿತು. ಅವಳು ಅಳುತ್ತಾಳೆಂದು ಅವನು ಕೈ ಚಾಚಿದ. ಅವಳು ನಗುತ್ತಿದ್ದಳು.

"ಅದಕ್ಕೆ ಮುಂಚೆ?" ಎಂದ ಅವನು. "ಮೂಗು ಇದ್ದಾಗ? ಆಗ ನನ್ನಿಂದ ಬರ್ತಿತ್ತಾ?"

"ಆಗ ನೀವು ನಿಮ್ಮ ಹಾಗೇ ಇರ್ತಿದ್ರಿ," ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಎದ್ದು ಒಳಗೆ ಹೋಗಿ, ಹಾಸಿಗೆಗಳ ಪೆಟ್ಟಿಗೆಯ ತಳದಿಂದ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು. ಒಳಗೆ ಕಾಲರು ಹರಿದ ಅವನ ಹಳೆಯ ಅಂಗಿ. ಕಳೆದುಹೋಯಿತೆಂದು ಅವನು ಎಂದೋ ಕೈಬಿಟ್ಟದ್ದು. "ಇದು ಜ್ವರಕ್ಕೆ ಮುಂಚಿಂದು. ಒಗೆದಿಲ್ಲ. ಆಗಾಗ ಬಿಚ್ಚಿ ಮೂಸ್ತೀನಿ, ಮೂಗು ವಾಪಸ್ ಬಂತಾ ಅಂತ ನೋಡೋಕೆ. ಇದರಲ್ಲಿ ಪರಿಮಳ ಇಲ್ಲ. ನಾಳೆ ಇದನ್ನೇ ಹಾಕ್ಕೊಂಡು ಹೋಗಿ."

ಮರುದಿನ ಅವನು ಹರಿದ ಕಾಲರಿನಲ್ಲಿ ಮೆಟ್ಟಿಲು ಹತ್ತಿದಾಗ ಸೂಜಿ ಒಮ್ಮೆ ಮೂಗರಳಿಸಿ, "ಇವತ್ತು ನೀವೂ ನಮ್ಮವರಾದ್ರಿ ಸಾರ್," ಎಂದಳು. ಅವನು ಜೇಬಿನಿಂದ ಕ್ರೀಮಿನ ಟ್ಯೂಬೊಂದನ್ನು ತೆಗೆದು ಅವಳ ಮುಂದಿಟ್ಟ. ಪರಿಮಳವಿಲ್ಲದ ಕ್ರೀಮಿಗಾಗಿ ಬೆಳಿಗ್ಗೆ ಔಷಧಿ ಅಂಗಡಿಗಳನ್ನೆಲ್ಲ ತಡಕಾಡಿ ತಂದಿದ್ದ. ಇದನ್ನು ಮೊದಲು ಯಂತ್ರಕ್ಕೆ ಚುಚ್ಚಿ ನೋಡೋಣ ಎಂದಳು ಅವಳು, ನಂಬಿಕೆಯಿಲ್ಲದೆ. ಮರಳು ಸುಟ್ಟರು, ಗಸಿ ತೂಗಿದರು, ಕುದಿಸಿದರು, ಸೋಸಿದರು. ಈ ಸಲ ಅವನು ಖಾಲಿ ಸೀಸೆಯನ್ನೇ ಮೊದಲು ನೋಡಿದ. ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ, ನೆಲಕ್ಕೆ ಬೆನ್ನು ಹಚ್ಚಿ ಮಲಗಿತ್ತು. ಆಮೇಲೆ ಗಸಿಯದು. ಗೆರೆ ಹೊರಟು, ಅದೇ ಜಾಗಕ್ಕೆ ಬಂದು, ಎದ್ದಿತು. ಮೊನ್ನೆ ಬಂದದ್ದರ ಅರ್ಧಕ್ಕೂ ಕಡಿಮೆ; ಆದರೆ ಇತ್ತು, ತರಕಾರಿ ಪಾತಿಗೆ ಬೇಡವೆನ್ನುವಷ್ಟು ಇತ್ತು. ಆ ಗುಡ್ಡ ಯಾವ ಒಬ್ಬರದ್ದೂ ಆಗಿರಲಿಲ್ಲ. ಅವನು ಅದನ್ನು ನೋಡುತ್ತ, ಊರಿನ ಎಷ್ಟು ಬಚ್ಚಲುಗಳಲ್ಲಿ ಎಷ್ಟು ಮಂದಿ ಯಾರ ಸಲುವಾಗಿ ಇನ್ನೊಂದು ಮುಚ್ಚಳ ಸುರಿಯುತ್ತಿದ್ದಾರೋ ಎಂದುಕೊಂಡ. ಸಂಜೆ ಸಂಖ್ಯೆ ಕೊಟ್ಟಾಗ ಎಂಜಿನಿಯರ್ ಕಿಟಕಿ ತೆರೆಯಲಿಲ್ಲ. ನಿಟ್ಟುಸಿರು ಬಿಟ್ಟು, ಲಾರಿಯವನಿಗೆ ಚೀಲ ಇಳಿಸಲು ಹೇಳಿದರು. ಲಾರಿಯವನು, ನಿನ್ನೆಯ ಅಂಗೀನೇ ವಾಸಿಯಾಗಿತ್ತು ಸಾರ್, ಎಂದು ಗೊಣಗುತ್ತ ಹೋದ.

ಬಸ್ಸಿನಲ್ಲಿ ಅವನು ಹೆಂಡತಿಗೆ ಫೋನು ಮಾಡಿದ. ಮಾತಾಡುತ್ತಿರುವಾಗಲೇ ಯಾರೋ ಒಬ್ಬ ಹೆಂಗಸು ತರಕಾರಿ ಬುಟ್ಟಿಯೊಂದಿಗೆ ಬಂದು, ಅವನನ್ನು ಭುಜದಿಂದ ಸ್ವಲ್ಪ ಒತ್ತರಿಸಿ, ಪಕ್ಕದ ಸೀಟಿನಲ್ಲಿ ಧೊಪ್ಪನೆ ಕುಳಿತಳು. ಅವನು ಒಂದು ಕ್ಷಣ ಮಾತು ಮರೆತ.

"ಏನಾಯ್ತು?" ಎಂದಳು ಹೆಂಡತಿ.

"ಖಾಲಿ ಸೀಸೆ ಖಾಲಿ ಬಂತು."

"ಹಾಗಂದ್ರೆ?"

"ನನ್ನ ಕಡೆಯಿಂದ ಏನೂ ಇಲ್ಲ ಅಂತ."

"ಮೂರು ವರ್ಷದ ಹಿಂದೆ ಮೂಸಿ ನಾನು ಅದನ್ನೇ ಹೇಳಿದ್ದಲ್ವಾ," ಎಂದಳು ಅವಳು. "ಅದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಿತ್ತಾ? ಸರಿ, ಅಂಗಿ ಮಾತ್ರ ಒಗೀಬೇಡಿ. ಹಾಗೇ ಹಾಕ್ಕೊಂಡು ಬನ್ನಿ."